ಆರಡಿ ಮಂಚದ ಮೇಲೆ ಹನ್ನೊಂದು ಗಂಟೆ

ಮಂಚದ ಮೇಲೆ ಏನೇನು ಮಾಡುತ್ತೀರೋ ಎಲ್ಲವನ್ನೂ ಬರೆದುಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದ್ದೆ. ಅವನು ತಂದದ್ದು ಇತಿಹಾಸದ ಟಿಪ್ಪಣಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ ಅರ್ಧ ಹಾಳೆ. ಓದುವುದು. ಆನ್‌ಲೈನ್ ಪಾಠ ಕೇಳುವುದು. ಬೆಳಗಿನ ತಿಂಡಿ, ರಾತ್ರಿಯ ಊಟ. ಬಟ್ಟೆ ಮಡಚುವುದು. ಅಮ್ಮನಿಗೆ ಫೋನು. ಮೊಬೈಲ್ ನೋಡುವುದು. ಗೋಡೆ ನೋಡುವುದು. ಕೊನೆಯ ಸಾಲಿನಲ್ಲಿ ‘ಅಳು’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದರ ಪಕ್ಕದಲ್ಲೇ ಬರೆದಿದ್ದ. ನಿದ್ದೆ ಎಂಬ ಪದ ಪಟ್ಟಿಯಲ್ಲಿ ಇರಲೇ ಇಲ್ಲ. ‘ಸ್ನಾನ ಒಂದು ಬಿಟ್ಟು ಎಲ್ಲವೂ ಅಲ್ಲೇ ಮೇಡಂ’ ಎಂದ.

ಆ ಪಟ್ಟಿಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಕೇಳದೆ ಹೋದದ್ದರಿಂದ ಅವನ ಮೂರು ವಾರ ಹಾಳಾಯಿತು. ನಿದ್ದೆಗೆಟ್ಟು ನನ್ನ ಬಳಿ ಚಿಕಿತ್ಸೆಗೆ ಬಂದ ಹುಡುಗನೊಬ್ಬನ ಈ ಪ್ರಕರಣವನ್ನು ಬರೆಯಲು ಅದೂ ಒಂದು ಕಾರಣ.

ಅವನಿಗೆ 25 ವರ್ಷ. ಅಡಿಕೆ ಸೀಮೆಯ ಹಳ್ಳಿಯವನು, ಒಂದೂವರೆ ಎಕರೆ ತೋಟದ ಮನೆಯ ಹಿರಿಯ ಮಗ. ಬಿ.ಎಸ್ಸಿ. ಮುಗಿಸಿ ಎರಡೂವರೆ ವರ್ಷದಿಂದ ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದ. ವಿಜಯನಗರ, ಚಂದ್ರಾ ಲೇಔಟ್ ಕಡೆ ಓಡಾಡಿದವರಿಗೆ ಈ ಲೋಕದ ಪರಿಚಯ ಇದ್ದೇ ಇರುತ್ತದೆ. ಮಹಡಿ ಮಹಡಿಗೂ ತರಬೇತಿ ಕೇಂದ್ರದ ಫಲಕ, ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ದೀಪ, ಒಂದು ಪ್ಲಗ್ ಕೊಡುವ ಓದುವ ಕೊಠಡಿಗಳು, ಬಾಗಿಲಲ್ಲೇ ಚಹಾ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಬರೆಯಲು ಅವನ ಒಪ್ಪಿಗೆಯಿದೆ.

ನವೆಂಬರ್ ಮೊದಲ ವಾರ ಅವನು ಬಂದಾಗ ಖಿನ್ನತೆ ಎಂದಾಗಲಿ ಆತಂಕ ಎಂದಾಗಲಿ ಹೇಳಲಿಲ್ಲ. ನಮ್ಮ ಕಡೆಯ ಹುಡುಗರು ಸಾಮಾನ್ಯವಾಗಿ ಹೇಳುವುದೂ ಇಲ್ಲ. ‘ಓದಿದ್ದು ತಲೆಗೆ ಹತ್ತುತ್ತಿಲ್ಲ, ತಲೆ ಭಾರ, ಎದೆ ಡವಡವ’ ಎಂದ. ಏಳು ತಿಂಗಳ ಹಿಂದೆ, ತಾನು ಪಾಸಾಗುತ್ತೇನೆಂದು ಗಟ್ಟಿಯಾಗಿ ನಂಬಿದ್ದ ಒಂದು ಪರೀಕ್ಷೆಯಲ್ಲಿ ಒಂದೂವರೆ ಅಂಕಕ್ಕೆ ಪಟ್ಟಿಯಿಂದ ಹೊರಗುಳಿದಿದ್ದ. ಮುಂದಿನ ಪರೀಕ್ಷೆಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿತ್ತು. ಮೇ ತಿಂಗಳ ಒಂದು ರಾತ್ರಿ ಎದೆ ಹೊಡೆದುಕೊಂಡು, ಕೈ ಮರಗಟ್ಟಿ, ಹೃದಯಾಘಾತವೇ ಇರಬೇಕೆಂದು ಜೊತೆಯವರು ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಇ.ಸಿ.ಜಿ. ಸರಿಯಾಗಿತ್ತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಅಂದಿನಿಂದ ಮಲಗಿದಾಗಲೆಲ್ಲ ಅವನ ಕಿವಿ ಎದೆಬಡಿತದ ಮೇಲೆಯೇ.

ಮನೆಯಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಅಮ್ಮ ದೇವಸ್ಥಾನದಿಂದ ದಾರ ತಂದು ಕಟ್ಟಿದ್ದರು, ಹೋದಾಗಲೆಲ್ಲ ನೆತ್ತಿಗೆ ಹರಳೆಣ್ಣೆ ತಟ್ಟಿ ಗಸಗಸೆ ಪಾಯಸ ಮಾಡಿಕೊಟ್ಟಿದ್ದರು. ಇವುಗಳ ಬಗ್ಗೆ ನನಗೆ ತಕರಾರಿಲ್ಲ. ದಾರ ಅವನ ಕೈಯಲ್ಲಿ ಈಗಲೂ ಇದೆ. ಅವನನ್ನು ಕುಗ್ಗಿಸಿದ್ದು ಅಪ್ಪ ಫೋನಿನಲ್ಲಿ ಹೇಳಿದ ಒಂದು ಗಾದೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ನಿನಗೇನಪ್ಪ ಅಂಥ ಚಿಂತೆ, ತಿಂಗಳು ತಿಂಗಳು ದುಡ್ಡು ಬರುತ್ತಿಲ್ಲವೇ ಎಂಬುದು ಅದರ ಒಳಮಾತು. ‘ನಮ್ಮ ಕೋಣೆಯೇ ಸಂತೆ ಮೇಡಂ’ ಎಂದು ಅವನು ನನ್ನೆದುರು ಮೊದಲ ಸಲ ನಕ್ಕದ್ದು ಈ ಮಾತು ಹೇಳುವಾಗ.

ನಿಜಕ್ಕೂ ಅಪಾಯವಿದ್ದದ್ದು ಇನ್ನೊಂದರಲ್ಲಿ. ಗೆಳೆಯನೊಬ್ಬ ಕ್ಲೊನಾಜೆಪಾಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆಯ ಒಂದು ಹಾಳೆ ಕೊಟ್ಟಿದ್ದ. ಎರಡು ವಾರ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಅರ್ಧ ಮಾತ್ರೆ ಸಾಲದೆ ಒಂದಾಯಿತು, ಒಂದು ದಿನ ಬಿಟ್ಟರೆ ಮೈಯೆಲ್ಲ ನಡುಕ. ಈ ಗುಂಪಿನ ಮಾತ್ರೆಗಳನ್ನು ವೈದ್ಯರು ಕೊಡುವುದುಂಟು, ಕೆಲವೇ ದಿನಗಳಿಗೆ, ಕಣ್ಣಿಟ್ಟುಕೊಂಡು. ಚೀಟಿಯಿಲ್ಲದೆ ಕೈಯಿಂದ ಕೈಗೆ ದಾಟಿದಾಗ ಯಾವಾಗ ನಿಲ್ಲಿಸಬೇಕೆಂದು ಹೇಳುವವರು ಯಾರೂ ಇರುವುದಿಲ್ಲ. ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಮನೋವೈದ್ಯರು ಅದನ್ನು ಐದು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ಬಿಡಿಸಿದರು.

ಮೊದಲ ದಿನ ಮೂರು ಪ್ರಶ್ನಾವಳಿ ಕೊಟ್ಟೆವು. ಖಿನ್ನತೆಯನ್ನು ಅಳೆಯುವ ಪಿ.ಎಚ್.ಕ್ಯೂ.-9ರಲ್ಲಿ 27ಕ್ಕೆ 17, ಆತಂಕದ ಜಿ.ಎ.ಡಿ.-7ರಲ್ಲಿ 21ಕ್ಕೆ 14, ನಿದ್ರಾಹೀನತೆಯ ಮಾಪನದಲ್ಲಿ 28ಕ್ಕೆ 22. ಮೊದಲೆರಡರಲ್ಲಿ ಹತ್ತು ಮುಟ್ಟಿದರೆ ಕೂಲಂಕಷವಾಗಿ ನೋಡಲೇಬೇಕು. ನಿದ್ದೆಯದರಲ್ಲಿ 22 ಎಂದರೆ ತೀವ್ರ.

ಪಿ.ಎಚ್.ಕ್ಯೂ.-9ರ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಅವನು ‘ಕೆಲವು ದಿನ’ ಎಂದು ಗುರುತು ಹಾಕಿದ್ದ. ಇಂಥ ಗುರುತು ಕಂಡಾಗ ಬಳಸಿ ಬಳಸಿ ಕೇಳುವುದರಲ್ಲಿ ಅರ್ಥವಿಲ್ಲ. ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಬಹಳ ಜನರಿಗಿದೆ, ಅದು ತಪ್ಪು. ‘ಸಾಯಬೇಕು ಅಂತಲ್ಲ. ಬೆಳಗ್ಗೆ ಎಚ್ಚರವೇ ಆಗದಿದ್ದರೆ ಸಾಕಿತ್ತು ಅನಿಸುತ್ತದೆ’ ಎಂದ. ಹೇಗೆ ಎಂಬ ಯೋಜನೆ ಇರಲಿಲ್ಲ, ಹಿಂದೆ ಪ್ರಯತ್ನಿಸಿದ್ದೂ ಇರಲಿಲ್ಲ. ಆ ಯೋಚನೆ ಗಟ್ಟಿಯಾದರೆ ಯಾರಿಗೆ ಮೊದಲು ಹೇಳುವುದು, ಮಾತ್ರೆಗಳು ಯಾರ ಬಳಿ ಇರಬೇಕು ಎಂದು ಅಲ್ಲೇ ಕುಳಿತು ಬರೆದೆವು. ಮೊದಲ ಹೆಸರು ತಂಗಿಯದು. ಎರಡನೆಯದು 14416, ಅಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ತಂಗಿಯ ಮೊಬೈಲಿಗೂ ಹಾಕಿಸಿದೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿತ್ತು, ವಿಟಮಿನ್ ಬಿ-12 ಕಡಿಮೆಯಿತ್ತು. ಅದಕ್ಕೂ ಮಾತ್ರೆ ಶುರುವಾಯಿತು. ಬಿ-12 ಎಂದ ಕೂಡಲೇ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ರಕ್ತದಲ್ಲಿ ಕಾಣುವ ಕಾಯಿಲೆ ಎಂದರೆ ಮನೆಗೆ ಹೇಳಬಹುದಲ್ಲ! ಅದೊಂದೇ ಕಾರಣವಲ್ಲ ಎಂದು ಹೇಳಿ ಆ ಖುಷಿಯನ್ನು ಅರ್ಧಕ್ಕೆ ಇಳಿಸಬೇಕಾಯಿತು. ಖಿನ್ನತೆಗೆ ಮನೋವೈದ್ಯರು ಎಸಿಟಲೋಪ್ರಾಮ್ ಎಂಬ ಮಾತ್ರೆ ಆರಂಭಿಸಿದರು, ಒಂದು ವಾರ 5 ಮಿಲಿಗ್ರಾಂ, ಆಮೇಲೆ 10. ಇದರ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ಚಡಪಡಿಕೆ ಮೊದಲ ವಾರದಲ್ಲೇ ಬರಬಹುದು. ಇದನ್ನು ಮುಂಚಿತವಾಗಿ ಹೇಳದಿದ್ದರೆ ನಾಲ್ಕನೆಯ ದಿನಕ್ಕೆ ಮಾತ್ರೆ ಕಸದ ಬುಟ್ಟಿ ಸೇರುತ್ತದೆ. 25ರ ಒಳಗಿನವರಲ್ಲಿ ಮತ್ತು ಅದರ ಅಂಚಿನಲ್ಲಿರುವವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚುತ್ತಿದೆಯೇ ಎಂದು ನಿಗಾ ಇಡಬೇಕು. ವಾರಕ್ಕೆರಡು ಸಲ ಫೋನಿನಲ್ಲಿ ವಿಚಾರಿಸುತ್ತಿದ್ದೆವು.

ಇನ್ನು ನಿದ್ದೆ. ಒಂದು ವಾರದ ನಿದ್ದೆಯ ದಿನಚರಿ ಬರೆಸಿದೆ. ರಾತ್ರಿ 9.30ಕ್ಕೆ ಹಾಸಿಗೆ, ಬೆಳಗ್ಗೆ 8.30ಕ್ಕೆ ಏಳುವುದು. ಹನ್ನೊಂದು ಗಂಟೆ ಮಲಗಿದ್ದರೂ ಸರಾಸರಿ ನಿದ್ದೆ ಐದೂವರೆ ಗಂಟೆ, ಅದೂ ತುಂಡು ತುಂಡಾಗಿ. ಅಂದರೆ ಹಾಸಿಗೆಯ ಹೊತ್ತಿನ ಶೇ 50. ಆರೋಗ್ಯವಂತರಲ್ಲಿ ಇದು 85ರ ಮೇಲಿರುತ್ತದೆ. ಉಳಿದ ಐದೂವರೆ ಗಂಟೆ ಏನು ಮಾಡುತ್ತಾನೆ? ಲೆಕ್ಕ. ‘ಈಗ ನಿದ್ದೆ ಬಂದರೂ ನಾಲ್ಕು ಗಂಟೆ ಸಿಗುತ್ತದೆ, ಈಗ ಬಂದರೆ ಮೂರೂಮುಕ್ಕಾಲು, ನಾಳೆ ಓದಲು ಆಗುವುದಿಲ್ಲ, ಈ ಸಲವೂ ಹೋಯಿತು, ಅಪ್ಪನಿಗೆ ಏನು ಹೇಳಲಿ.’ ಮೊಬೈಲ್ ತಿರುಗಿಸಿ ಗಂಟೆ ನೋಡುವುದು, ಮತ್ತೆ ಲೆಕ್ಕ. ಹಗಲು ಕಣ್ಣು ಎಳೆಯುತ್ತದೆಂದು ಏಳು ಲೋಟ ಚಹಾ, ಕೊನೆಯದು ರಾತ್ರಿ ಒಂಬತ್ತಕ್ಕೆ. ಚಹಾದ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಐದು ಗಂಟೆಯಷ್ಟು ಬೇಕು.

ನಿದ್ದೆ ಕೆಡಲು ಶುರುವಾದ ಕಾರಣವೇ ಬೇರೆ, ಅದು ಕೆಟ್ಟೇ ಇರಲು ಕಾರಣವೇ ಬೇರೆ. ಶುರು ಮಾಡಿದ್ದು ಒಂದೂವರೆ ಅಂಕ. ಏಳು ತಿಂಗಳು ಕಾಪಾಡಿಕೊಂಡು ಬಂದದ್ದು ಬೇಗ ಮಲಗಿ ತಡವಾಗಿ ಎದ್ದು ನಿದ್ದೆಯನ್ನು ಹಿಡಿಯಲು ಹೋದ ಅವನ ಪ್ರಯತ್ನ. ಊಟದ ಮಧ್ಯೆ ಮಧ್ಯೆ ಕುರುಕಲು ತಿಂದವನಿಗೆ ಎಲೆಯ ಮುಂದೆ ಹಸಿವಾಗದ ಹಾಗೆ, ಹನ್ನೊಂದು ಗಂಟೆ ಹಾಸಿಗೆಯಲ್ಲಿ ಹೊರಳಾಡಿ ಹಗಲೂ ತೂಕಡಿಸಿದವನಿಗೆ ರಾತ್ರಿ ನಿದ್ದೆಯ ಹಸಿವು ಹುಟ್ಟುವುದಿಲ್ಲ.

ಇದಕ್ಕೆ ಪಠ್ಯಪುಸ್ತಕದ ಪರಿಹಾರ ನನಗೆ ಬಾಯಿಪಾಠ. ಹಾಸಿಗೆ ನಿದ್ದೆಗೆ ಮಾತ್ರ, ಇಪ್ಪತ್ತು ನಿಮಿಷದ ಅಂದಾಜಿನಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ನಿದ್ದೆ ತೂಗಿದಾಗ ಮರಳಿ ಬನ್ನಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮುಂದಿಟ್ಟ ವಿಧಾನ. ಹಾಸಿಗೆ ಕಂಡರೆ ಮೆದುಳಿಗೆ ನಿದ್ದೆ ನೆನಪಾಗಬೇಕೇ ಹೊರತು ಚಿಂತೆಯಲ್ಲ ಎಂಬುದು ಅದರ ತಿರುಳು. ಚೆನ್ನಾಗಿ ಫಲ ಕೊಡುವ ವಿಧಾನ. ಅದನ್ನೇ ಗಿಳಿಯಂತೆ ಒಪ್ಪಿಸಿ ಕಳುಹಿಸಿದೆ.

ಮುಂದಿನ ವಾರ ಬಂದು ಅವನು ಹೇಳಿದ್ದು: ‘ಬೇರೆ ಕೋಣೆ ಯಾವುದು ಮೇಡಂ?’

ಒಂದು ಕೋಣೆಯಲ್ಲಿ ಮೂವರು. ಮೂರು ಕಬ್ಬಿಣದ ಮಂಚ, ನಡುವೆ ಚಪ್ಪಲಿ ಬಿಡುವಷ್ಟು ಜಾಗ. ಮೇಜು, ಕುರ್ಚಿ ಎರಡೂ ಇಲ್ಲ. ತಿಂಗಳ ಬಾಡಿಗೆಗೆ ಅವನಿಗೆ ಸಿಕ್ಕ ನೆಲವೆಂದರೆ ಆ ಮಂಚವೊಂದೇ. ಒಬ್ಬ ಜೊತೆಗಾರ ಕಾಲ್ ಸೆಂಟರಿನವನು, ಬೆಳಗಿನ ಜಾವ ಮೂರಕ್ಕೆ ಬಂದು ದೀಪ ಹಾಕುತ್ತಾನೆ. ನನ್ನ ಮಾತು ಕೇಳಿ ಇವನು ನಡುರಾತ್ರಿ ಎದ್ದು ಹೊರಗಿನ ಓಣಿಯಲ್ಲಿ ನಿಂತಿದ್ದಾನೆ. ಮೂರನೆಯ ರಾತ್ರಿ ಸಿ.ಸಿ. ಟಿ.ವಿ.ಯಲ್ಲಿ ನೋಡಿದ ಮಾಲೀಕರು ಬಂದು, ಹುಡುಗಿಯ ಜೊತೆ ಫೋನಿನಲ್ಲಿದ್ದೀಯಾ ಎಂದು ಗದರಿಸಿದ್ದಾರೆ. ಇವನು ಒಳಗೆ ಬಂದು ಹೊದ್ದುಕೊಂಡು ಬೆಳಗಿನವರೆಗೆ ಗೋಡೆ ನೋಡಿದ್ದಾನೆ. ನನಗೆ ನಾಚಿಕೆಯಾಯಿತು. ಮಂಚದ ಪಟ್ಟಿ ಬರೆಸಿದ್ದು ಅಂದೇ.

ಪಟ್ಟಿ ಕೈಗೆ ಬಂದರೂ ಉತ್ತರ ಹೊಳೆಯಲಿಲ್ಲ. ಅದು ಸಿಕ್ಕಿದ್ದು ಅವನ ಮನೆಯಲ್ಲಿ. ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿಗೆ ಕೈ ಸಾಲದೆಂದು ಅಪ್ಪ ಕರೆಸಿಕೊಂಡರು. ಹೋಗುವ ಮನಸ್ಸಿರಲಿಲ್ಲ. ಊರಿನವರೆಲ್ಲ ರಿಸಲ್ಟ್ ಏನಾಯಿತು ಎಂದು ಕೇಳುತ್ತಾರಲ್ಲ. ದಿನಚರಿ ಬಿಡಬೇಡಿ ಎಂದಷ್ಟೇ ಹೇಳಿ ಕಳುಹಿಸಿದೆ. ಎಂಟು ದಿನ ಬಿಟ್ಟು ಬಂದ ಹಾಳೆಗಳಲ್ಲಿ, ನಾಲ್ಕನೆಯ ರಾತ್ರಿಯಿಂದ ನಿದ್ದೆಯ ಅಂಕಣದಲ್ಲಿ ಆರು ಗಂಟೆ, ಆರು ಗಂಟೆ, ಐದೂಮುಕ್ಕಾಲು, ಆರೂಕಾಲು ಎಂದಿತ್ತು. ನಡುವೆ ಎಚ್ಚರ: ಇಲ್ಲ.

ಊರಿನ ಗಾಳಿ, ಅಮ್ಮನ ಕೈಯಡುಗೆ ಎಂದು ಅವನು ಹೇಳಿದ. ನನಗೂ ಮೊದಲು ಹಾಗೇ ಅನಿಸಿತು. ಆದರೆ ಅಕ್ಟೋಬರಿನಲ್ಲಿ ದಸರೆಗೂ ಹೋಗಿದ್ದನಲ್ಲ, ಆಗ ಇದೇ ಗಾಳಿ, ಇದೇ ಊಟ, ನಿದ್ದೆ ಮಾತ್ರ ಇರಲಿಲ್ಲ. ಏನು ವ್ಯತ್ಯಾಸ ಎಂದು ಗಂಟೆ ಗಂಟೆಯಾಗಿ ಕೇಳುತ್ತಾ ಹೋದೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೂ ಜಗಲಿಯಲ್ಲಿ ಎಲ್ಲರೂ ಕುಳಿತು ಅಡಿಕೆ ಸುಲಿಯುತ್ತಾರೆ. ಹನ್ನೊಂದರ ಮುಂಚೆ ಮಲಗಲು ಬಿಡುವವರಿಲ್ಲ. ಸುಲಿಯುವಾಗ ಕೈ ಕತ್ತಿಯ ಮೇಲೆ, ಮೊಬೈಲ್ ಮುಟ್ಟುವಂತಿಲ್ಲ. ಬೆಳಗ್ಗೆ ಐದೂವರೆಗೆ ಹಂಡೆಯ ಒಲೆಗೆ ಬೆಂಕಿ. ಜಗಲಿಯಲ್ಲೇ ಮಲಗಿದ್ದರಿಂದ, ಕೂಲಿಯವರು ಬರುವಷ್ಟರಲ್ಲಿ ಹಾಸಿಗೆ ಸುತ್ತಿ ಮೂಲೆಗೆ ಇಡಲೇಬೇಕು. ‘ಎದ್ದವರು ಹಾಸಿಗೆ ಸುತ್ತಿಡದಿದ್ದರೆ ಅಜ್ಜಿ ಬೈಯುತ್ತಾರೆ, ಬಿಡಿಸಿಟ್ಟ ಹಾಸಿಗೆ ದರಿದ್ರ ಅಂತ’ ಎಂದ.

ಅಲ್ಲಿಗೆ ನನಗೆ ಕಣ್ಣು ಬಿಟ್ಟಿತು. ತಡವಾಗಿ ಮಲಗು, ಒಂದೇ ಹೊತ್ತಿಗೆ ಏಳು, ಹಗಲು ಹಾಸಿಗೆ ಕಣ್ಣಿಗೆ ಬೀಳದಿರಲಿ: ಬೂಟ್‌ಜಿನ್ ಹೇಳಿದ್ದರ ಜೊತೆಗೆ, ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ‘ಹಾಸಿಗೆಯ ಹೊತ್ತನ್ನು ಕಡಿತಗೊಳಿಸುವ’ ವಿಧಾನವೂ ಆ ಜಗಲಿಯ ಮೇಲೆ ತಾನಾಗಿ ನಡೆದಿತ್ತು. ಅಜ್ಜಿಗೆ ಅದು ಶಾಸ್ತ್ರ, ನನಗೆ ಚಿಕಿತ್ಸೆ.

ಹೊಸ ಯೋಜನೆಯನ್ನು ಇಬ್ಬರೂ ಕುಳಿತು ಮಾಡಿದೆವು, ಈ ಸಲ ಅವನ ಕೋಣೆಯ ನಕ್ಷೆ ಮುಂದಿಟ್ಟುಕೊಂಡು. ಅವನು ನಿಜವಾಗಿ ನಿದ್ದೆ ಮಾಡುವುದು ಐದೂವರೆ ಗಂಟೆ, ಹಾಗಾಗಿ ಹಾಸಿಗೆಯಲ್ಲಿ ಇರುವುದೂ ಅಷ್ಟೇ: ರಾತ್ರಿ 12.30ರಿಂದ ಬೆಳಗ್ಗೆ 6. ಆರಕ್ಕೇ ಏಕೆಂದರೆ ಆಗ ಬಚ್ಚಲುಮನೆ ಖಾಲಿ. ಎದ್ದ ಕೂಡಲೇ ಹಾಸಿಗೆ, ದಿಂಬು ಸುತ್ತಿ ಮಂಚದ ತಲೆಭಾಗಕ್ಕೆ. ಖಾಲಿ ಹಲಗೆಯ ಮೇಲೆ ಊರಿನಿಂದ ತಂದ ಈಚಲು ಚಾಪೆ, ಅದು ಹಗಲಿನ ಜಾಗ. ಓದಲು ಓದುವ ಕೊಠಡಿ, ಅಲ್ಲಿಯ ಕುರ್ಚಿಯ ಬಾಡಿಗೆಗೆ ಸಂಜೆಯ ನಾಲ್ಕು ಚಹಾ ಬಿಟ್ಟ ದುಡ್ಡೂ ಸೇರಿತು. ರಾತ್ರಿ ಎಚ್ಚರವಾದರೆ ತಾರಸಿ ಮೆಟ್ಟಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ. ಮಾಲೀಕರಿಗೆ ಏನು ಹೇಳುವುದು? ನಿದ್ದೆಯ ತೊಂದರೆ ಎಂದೇ ಹೇಳಿ ಎಂದೆ. ಅವನು ಬಿ.ಪಿ. ಎಂದು ಹೇಳಿ ಅನುಮತಿ ಪಡೆದ. ನಮ್ಮಲ್ಲಿ ಬಿ.ಪಿ.ಗೆ ಇರುವ ಮರ್ಯಾದೆ ಮನಸ್ಸಿನ ಕಾಯಿಲೆಗೆ ಇನ್ನೂ ಬಂದಿಲ್ಲ. ಮೂರು ಗಂಟೆಯ ದೀಪಕ್ಕೆ, ಮಡಚಿದ ಹತ್ತಿಯ ಟವೆಲ್ ಕಣ್ಣಿನ ಮೇಲೆ. ಮೊಬೈಲ್ ಬಾಗಿಲ ಪಕ್ಕದ ಗೂಡಿನಲ್ಲಿ, ಗಂಟೆ ನೋಡಬೇಕೆಂದರೆ ಎದ್ದೇ ಹೋಗಬೇಕು.

ಇದನ್ನು ಓದಿದವರು ನಾಳೆಯೇ ಐದೂವರೆ ಗಂಟೆಗೆ ಇಳಿಯಬಾರದು. ಬೈಪೋಲಾರ್ ಕಾಯಿಲೆ (ಅತಿ ಉತ್ಸಾಹ ಮತ್ತು ಖಿನ್ನತೆ ಸರದಿಯಲ್ಲಿ ಬರುವುದು) ಅಥವಾ ಮೂರ್ಛೆರೋಗ ಇರುವವರಲ್ಲಿ ನಿದ್ದೆ ಕಡಿತ ಅಪಾಯ ತಂದೀತು. ಅವನಿಗೆ ಹಿಂದೆ ಅತಿ ಉತ್ಸಾಹದ, ನಿದ್ದೆಯೇ ಬೇಡವೆನಿಸಿದ ದಿನಗಳಿದ್ದವೇ ಎಂದು ತಂಗಿಯನ್ನೂ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಮನೋವೈದ್ಯರು ಒಪ್ಪಿದ್ದು. ಐದು ಗಂಟೆಗಿಂತ ಕೆಳಗೆ ಯಾರನ್ನೂ ಇಳಿಸುವುದಿಲ್ಲ. ಮೊದಲ ಎರಡು ವಾರ ಬೈಕ್ ಮುಟ್ಟಬಾರದೆಂದು ಅವನಿಂದ ಮಾತು ತೆಗೆದುಕೊಂಡಿದ್ದೆ.

ಮೊದಲ ವಾರ ಘೋರ. ಸರಾಸರಿ ನಿದ್ದೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು. ರಾತ್ರಿ ಹತ್ತರಿಂದ ಹನ್ನೆರಡೂವರೆವರೆಗೆ ಎಚ್ಚರವಾಗಿರುವುದೇ ದೊಡ್ಡ ಕೆಲಸ. ‘ಏಳು ತಿಂಗಳು ನಿದ್ದೆ ಬರಲಿ ಅಂತ ಅತ್ತಿದ್ದೇನೆ, ಈಗ ಬರಬೇಡ ಅಂತ ಅಳುತ್ತಿದ್ದೇನೆ’ ಎಂದು ಫೋನಿನಲ್ಲಿ ರೇಗಿದ. ರೇಗಿದ್ದು ನನಗೆ ಒಳ್ಳೆಯ ಸೂಚನೆಯಾಗಿ ಕಂಡಿತು. ನವೆಂಬರಿನಲ್ಲಿ ಅವನಿಗೆ ರೇಗುವಷ್ಟು ಕಸುವೂ ಇರಲಿಲ್ಲ. ಎರಡನೆಯ ವಾರ ಐದೂವರೆಯಲ್ಲಿ ನಾಲ್ಕು ಗಂಟೆ ಐವತ್ತು ನಿಮಿಷ, ಶೇ 88. ಅಲ್ಲಿಂದ ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ಸರಿಸುತ್ತಾ ಬಂದೆವು. ಏಳುವುದು ಮಾತ್ರ ಆರಕ್ಕೇ, ಭಾನುವಾರವೂ.

ಆತಂಕಕ್ಕೆ ಬೇರೊಂದು ಕೆಲಸ ಮಾಡಿದೆವು, ಚಿಕ್ಕದು. ಅವನ ಅಪ್ಪ ಅಡಿಕೆ ಮಂಡಿಯ ಲೆಕ್ಕವನ್ನು ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಾರಂತೆ, ಎಡಕ್ಕೆ ಬಂದದ್ದು, ಬಲಕ್ಕೆ ಬಾಕಿ. ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ ಅಂಥದೇ ಪುಸ್ತಕದಲ್ಲಿ ಚಿಂತೆಗಳನ್ನು ಎಡಕ್ಕೆ, ಈ ವಾರ ಅದಕ್ಕೆ ಮಾಡಬಹುದಾದ ಏನಾದರೂ ಇದ್ದರೆ ಬಲಕ್ಕೆ ಬರೆಯುವುದು. ರಾತ್ರಿ ಚಿಂತೆ ಎದ್ದರೆ ಅದಕ್ಕೆ ಉತ್ತರ ಒಂದೇ: ನಾಳೆ ಐದೂವರೆಗೆ ಬಾ. ಎಡಗಡೆ ‘ಪರೀಕ್ಷೆ ಮತ್ತೆ ಮುಂದಕ್ಕೆ ಹೋದರೆ?’ ಎಂದಿದ್ದ ಕಡೆ ಬಲಭಾಗ ಖಾಲಿ. ಖಾಲಿಯಿರುವುದು ಬಹಳ ಇವೆ ಎಂದು ಬೇಸರಿಸಿದ. ಖಾಲಿ ಎಂದು ಕಂಡದ್ದೇ ಉಪಯೋಗ, ಅವನ್ನು ರಾತ್ರಿ ಮೂರಕ್ಕೆ ಎಷ್ಟು ಉಜ್ಜಿದರೂ ಏನೂ ಹೊರಡುವುದಿಲ್ಲ ಎಂದೆ. ಎದೆಬಡಿತದ ಭಯಕ್ಕೆ, ತಾರಸಿಯ ನಾಲ್ಕು ಮಹಡಿ ಮೆಟ್ಟಿಲನ್ನು ಬೇಕೆಂದೇ ಓಡಿ ಹತ್ತಿಸಿದೆ. ಎದೆ ಹೊಡೆದುಕೊಳ್ಳುತ್ತದೆ, ಐದು ನಿಮಿಷಕ್ಕೆ ತಾನೇ ಇಳಿಯುತ್ತದೆ. ಹತ್ತು ಹದಿನೈದು ಸಲ ಮಾಡಿದ ಮೇಲೆ ಹೃದಯಾಘಾತದ ಮಾತು ನಿಂತಿತು.

ಜನವರಿಯ ಕೊನೆಗೆ ಪರೀಕ್ಷೆ ಬಂತು. ಹಿಂದಿನ ರಾತ್ರಿ ಮೂರೇ ಗಂಟೆ ನಿದ್ದೆ. ಎಲ್ಲವೂ ಕೈತಪ್ಪಿತು ಎಂದುಕೊಂಡೇ ಹೋಗಿ ಬರೆದ. ಆ ಮಧ್ಯಾಹ್ನ ಮಲಗದೆ, ರಾತ್ರಿ ಗೊತ್ತಾದ ಹೊತ್ತಿಗೇ ಮಲಗಿದ. ಮರುದಿನದ ಅಂಕಣದಲ್ಲಿ ಆರು ಗಂಟೆ. ನನಗೆ ಈ ಒಂದು ಹಾಳೆ ಪ್ರಶ್ನಾವಳಿಗಳಿಗಿಂತ ಮುಖ್ಯವಾಗಿ ಕಂಡಿತು. ಅವನ ನಿದ್ದೆ ಕೆಟ್ಟು, ತಾನಾಗಿ ದಾರಿಗೆ ಬಂದಿತ್ತು.

ಫೆಬ್ರವರಿ ನಡುವಿಗೆ ಮಲಗುವ ಹೊತ್ತು 11.15, ನಿದ್ದೆ ಸರಾಸರಿ ಆರು ಗಂಟೆ. ಖಿನ್ನತೆಯ ಅಂಕ 17ರಿಂದ 7ಕ್ಕೆ, ಆತಂಕ 14ರಿಂದ 8ಕ್ಕೆ, ನಿದ್ರಾಹೀನತೆ 22ರಿಂದ 9ಕ್ಕೆ ಇಳಿದಿದ್ದವು. ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಇದರಲ್ಲಿ ಮಾತ್ರೆಯ ಪಾಲೆಷ್ಟು, ಚಾಪೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಡಿಸೆಂಬರಿನಲ್ಲಿ ಅವನು ಊರಿಗೆ ಹೋಗುವ ಹೊತ್ತಿಗೆ ಮಾತ್ರೆ ಹಿಡಿಯುವ ಕಾಲವೂ ಆಗಿತ್ತು. ಎಲ್ಲವೂ ಅಡಿಕೆ ಸುಲಿದದ್ದರ ಫಲ ಎಂದು ಅವನು ಹೇಳಿಕೊಂಡು ತಿರುಗುವುದನ್ನು ನಾನು ತಡೆಯಬೇಕಾಗುತ್ತದೆ, ಏಕೆಂದರೆ ಮಾತ್ರೆಯನ್ನು ಇನ್ನೂ ಆರೇಳು ತಿಂಗಳಾದರೂ ಮುಂದುವರಿಸಬೇಕು.

ಅಪ್ಪ ಬಂದದ್ದು ಆಗ. ಮಗನಿಗೆ ಇದು ಎಷ್ಟು ದಿನ ಎಂದು ಕೇಳಲು ಬಂದವರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಗಾದೆಯ ಮಾತನ್ನು ಮಗನೇ ಎತ್ತಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನಪ್ಪ ನನಗೆ ಹೇಳುತ್ತಿದ್ದ ಮಾತು ಅದು ಮೇಡಂ, ಬಾಯಿಗೆ ಬಂತು’ ಎಂದರು. ಹಳೆಯ ಕೊಳವೆಬಾವಿ ಬತ್ತಿ ಹೊಸದು ಕೊರೆಸಿದ ವರ್ಷದಿಂದ ತಮಗೂ ರಾತ್ರಿ ಎರಡು ಗಂಟೆಯ ಮೇಲೆ ನಿದ್ದೆಯಿಲ್ಲ ಎಂದೂ ಹೇಳಿದರು. ಮಗ ಅಪ್ಪನ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ.

ಡಾಕ್ಟರನ್ನು ಕಾಣಿ ಎಂದರೆ ಕೊಯ್ಲು ಮುಗಿದ ಮೇಲೆ ನೋಡೋಣ ಎಂದರು. ಎದ್ದು ಹೊರಡುವಾಗ ಮೇಜಿನ ಮೇಲಿದ್ದ ನಿದ್ದೆಯ ದಿನಚರಿಯ ಖಾಲಿ ಹಾಳೆಯನ್ನು ಎತ್ತಿಕೊಂಡು, ಅಂಕಣಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಮಲಗಿದ ಹೊತ್ತು. ನಿದ್ದೆ ಬಂದ ಹೊತ್ತು. ನಡುವೆ ಎಚ್ಚರವಾದದ್ದು.

‘ತ್ರೀ ಫೇಸ್ ಕರೆಂಟು ಕೊಡುವುದೇ ರಾತ್ರಿ ಎರಡಕ್ಕೆ. ಮೋಟಾರು ಹಾಕಲು ನಾನಾಗಿಯೇ ಏಳುತ್ತೇನಲ್ಲ, ಅದನ್ನು ಎಲ್ಲಿ ಬರೆಯುವುದು?’ ಎಂದರು.

ಅದಕ್ಕೊಂದು ಅಂಕಣ ಆ ಹಾಳೆಯಲ್ಲಿ ಇರಲಿಲ್ಲ. ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಒಂದು ಗೆರೆ ಎಳೆದುಕೊಟ್ಟೆ.